ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ: ಸ್ಕ್ಯಾನರ್, ಪಾರದರ್ಶಕ ಪೈಪ್, ರಿಟರ್ನ್ ಬಾಟಲಿ, ಈಥರ್ ಸ್ಪ್ರೇ

ಡೀಸೆಲ್ ಲಾರಿಯ ಎಂಜಿನ್ ಸೆಲ್ಫಿಗೆ ಚೆನ್ನಾಗಿ ಸುತ್ತುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಈ ಒಂದೇ ದೂರಿಗೆ ಗ್ಯಾರೇಜುಗಳಲ್ಲಿ ನಾಲ್ಕು ದಾರಿಗಳಿವೆ: ಸ್ಕ್ಯಾನರ್ (ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕುವುದು, ಫ್ಯುಯಲ್ ಲೈನಿಗೆ ಪಾರದರ್ಶಕ ಪೈಪ್ ಜೋಡಿಸುವುದು, ಇಂಜೆಕ್ಟರ್ ರಿಟರ್ನ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನಿಂದ ವಾಪಸು ಹರಿಯುವ ಡೀಸೆಲ್) ಅಳೆಯುವುದು, ಏರ್ ಇನ್‌ಟೇಕಿಗೆ ಈಥರ್ ಸ್ಪ್ರೇ ಹೊಡೆಯುವುದು. ನಾಲ್ಕನ್ನೂ ಬಳಸಿ ನೋಡಿದ ಮೇಲೆ ಹೇಳಬಹುದಾದದ್ದು ಇಷ್ಟು: ಮೊದಲ ಮೂರರಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ, ನಾಲ್ಕನೆಯದು ಬೇಡವೇ ಬೇಡ.

ಯಾವುದನ್ನು ಹಿಡಿಯುವ ಮೊದಲೂ ಸೈಲೆನ್ಸರ್ ಕಡೆ ಒಮ್ಮೆ ನೋಡಿ. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲವೆಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಗ್ಲೋ ಪ್ಲಗ್ ಅಥವಾ ಇನ್‌ಟೇಕ್ ಹೀಟರ್, ಕಂಪ್ರೆಷನ್, ಟೈಮಿಂಗ್ ಕಡೆ ಹೋಗಬೇಕು. ಜತೆಗೆ ಬ್ಯಾಟರಿ ವೋಲ್ಟೇಜ್ ನೋಡಿ: ಸೆಲ್ಫ್ ಹೊಡೆಯುವಾಗ 12 ವೋಲ್ಟ್ ಗಾಡಿಯಲ್ಲಿ 9.6ಕ್ಕಿಂತ, 24 ವೋಲ್ಟ್ ಗಾಡಿಯಲ್ಲಿ ಸುಮಾರು 19ಕ್ಕಿಂತ ಕೆಳಗೆ ಬಿದ್ದರೆ ಮುಂದಿನ ಯಾವ ರೀಡಿಂಗನ್ನೂ ನಂಬಬೇಡಿ. ಒಂದು ಸಲಕ್ಕೆ 30 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಎರಡು ನಿಮಿಷ ಬಿಡದಿದ್ದರೆ ಸೆಲ್ಫ್ ಮೋಟಾರ್ ಸುಟ್ಟು, ಇದ್ದ ತೊಂದರೆಯ ಜತೆಗೆ ಇನ್ನೊಂದು ಸೇರುತ್ತದೆ.

ಪಾರದರ್ಶಕ ಪೈಪ್

ನಾಲ್ಕರಲ್ಲಿ ಅತ್ಯಂತ ಅಗ್ಗದ್ದು ಇದು, ಹೆಚ್ಚು ಸಲ ಉತ್ತರ ಕೊಡುವುದೂ ಇದೇ. ಫಿಲ್ಟರಿನಿಂದ ಪಂಪಿಗೆ ಹೋಗುವ ಲೈನ್ ಬಿಚ್ಚಿ, ಅದೇ ಒಳವ್ಯಾಸದ ಪಾರದರ್ಶಕ ಪೈಪನ್ನು ಸುಮಾರು 30 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ ನಡುವೆ ಹಾಕಿ, ಎರಡೂ ಕಡೆ ಕ್ಲಿಪ್ ಬಿಗಿ ಮಾಡಿ. ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ತುಂಬಿಸುವ ಸಣ್ಣ ಪಂಪ್) ಗಟ್ಟಿಯಾಗುವವರೆಗೆ ಒತ್ತಿ, ನಂತರ ಸೆಲ್ಫ್ ಹೊಡೆಸಿ ಪೈಪನ್ನೇ ನೋಡುತ್ತಿರಿ. ಆರಂಭದಲ್ಲಿ ನಾಲ್ಕಾರು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ನೊರೆ ನಿಲ್ಲದೆ ಬರುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ.

ಟ್ಯಾಂಕಿನಿಂದ ಡೀಸೆಲ್ ಎಳೆಯುವ ಈ ಸಕ್ಷನ್ ಲೈನಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ ಎಂಜಿನ್ ಸುತ್ತುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಎಲ್ಲೂ ತೇವ ಕಾಣದಿದ್ದರೂ ಲೀಕ್ ಇರಬಹುದು. ಪೈಪನ್ನು ಫಿಲ್ಟರಿನ ಹಿಂದಕ್ಕೆ, ನಂತರ ಟ್ಯಾಂಕಿನ ಹತ್ತಿರಕ್ಕೆ ಸರಿಸುತ್ತಾ ಹೋಗಿ. ಎಲ್ಲಿ ಗುಳ್ಳೆ ಕಾಣಿಸದೆ ಹೋಯಿತೋ, ಆ ಜಾಗಕ್ಕೂ ಅದಕ್ಕೆ ಮುಂಚೆ ನೋಡಿದ ಜಾಗಕ್ಕೂ ನಡುವೆ ಲೀಕ್ ಇದೆ. ಸಾಮಾನ್ಯವಾಗಿ ಸಿಗುವವು: ಹೊಸ ಫಿಲ್ಟರ್ ಹಾಕುವಾಗ ಹಳೆಯ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡು ಎರಡಾದದ್ದು, ಬ್ಯಾಂಜೋ ಬೋಲ್ಟಿನ (ಒಳಗೆ ಡೀಸೆಲ್ ಹರಿಯುವ ಟೊಳ್ಳು ಬೋಲ್ಟ್) ಮರುಬಳಸಿದ ತಾಮ್ರದ ವಾಷರ್, ಪ್ರೈಮರಿನ ಸೀಲ್, ಬಿರುಕುಬಿಟ್ಟ ಹೋಸ್. ಟ್ಯಾಂಕಿನೊಳಗಿನ ಸಕ್ಷನ್ ಪೈಪ್ ನಡುವೆ ತೂತಾಗಿದ್ದರೆ ಲಕ್ಷಣ ವಿಚಿತ್ರವಾಗಿರುತ್ತದೆ: ಟ್ಯಾಂಕ್ ತುಂಬಿದ್ದಾಗ ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಅರ್ಧಕ್ಕಿಳಿದ ಮೇಲೆ ಹಟ ಹಿಡಿಯುತ್ತದೆ. ಇದಕ್ಕೆ ನೇರ ಪರೀಕ್ಷೆಯೆಂದರೆ ಸಕ್ಷನ್ ಹೋಸನ್ನು ಶುದ್ಧ ಡೀಸೆಲ್ ತುಂಬಿದ ಕ್ಯಾನಿಗೆ ಇಳಿಬಿಟ್ಟು ಸೆಲ್ಫ್ ಹೊಡೆಯುವುದು. ಹಾಗೆ ಸ್ಟಾರ್ಟ್ ಆದರೆ ದೋಷ ಇರುವುದು ಹೀಗೆ ಹೊರಗಿಟ್ಟ ಟ್ಯಾಂಕಿನ ಕಡೆಯ ಭಾಗದಲ್ಲೇ.

ಮಿತಿಯೂ ಇದೆ. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇದ್ದು ಡೀಸೆಲನ್ನು ತಳ್ಳುವ ಗಾಡಿಗಳಲ್ಲಿ ಆ ಲೈನ್ ಒತ್ತಡದಲ್ಲಿರುತ್ತದೆ. ಅಲ್ಲಿ ಲೀಕ್ ಹೊರಗೆ ತೊಟ್ಟಿಕ್ಕುತ್ತದೆ, ಪಾರದರ್ಶಕ ಪೈಪಿನ ಬದಲು ಪ್ರೆಷರ್ ಗೇಜ್ ಬೇಕು. ಮತ್ತೆ, ಪರೀಕ್ಷೆ ಮುಗಿದ ಕೂಡಲೇ ಪೈಪ್ ತೆಗೆದುಬಿಡಿ. ಸಾಮಾನ್ಯ ಪ್ಲಾಸ್ಟಿಕ್ ಡೀಸೆಲಿನಲ್ಲಿ ಕಲ್ಲಿನಂತಾಗಿ ಬಿರುಕು ಬಿಡುತ್ತದೆ.

ಸ್ಕ್ಯಾನರ್

ಕಾಮನ್ ರೈಲ್ ಎಂಜಿನ್ನಿಗೆ (ಭಾರಿ ಒತ್ತಡದ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಲ್ಲಿ ಸೇರಿ ಎಲ್ಲ ಇಂಜೆಕ್ಟರಿಗೂ ಹೋಗುವಂಥದ್ದು) ಇದಿಲ್ಲದೆ ಆಗುವುದಿಲ್ಲ. ಆದರೆ ಕೋಡ್ ಓದಿ ಪಾರ್ಟ್ಸ್ ತರಿಸುವುದಕ್ಕಾಗಿ ಅಲ್ಲ. ರೈಲ್ ಪ್ರೆಷರ್ ಕಡಿಮೆ ಎಂಬ ಕೋಡ್ ಕಟ್ಟಿದ ಫಿಲ್ಟರಿಗೂ ಬರುತ್ತದೆ, ಗಾಳಿ ಎಳೆದರೂ ಬರುತ್ತದೆ, ಇಂಜೆಕ್ಟರ್ ಸೋರಿದರೂ ಬರುತ್ತದೆ. ಕೋಡ್ ನೋಡಿ ಹೈ ಪ್ರೆಷರ್ ಪಂಪ್ ಬದಲಿಸುವುದು ಈ ಕಸುಬಿನ ಅತ್ಯಂತ ದುಬಾರಿ ಚಾಳಿ.

ನೋಡಬೇಕಾದದ್ದು ಸೆಲ್ಫ್ ಹೊಡೆಯುವಾಗಿನ ಲೈವ್ ಡೇಟಾ. ಮೊದಲು ಆರ್‌ಪಿಎಂ: ಎಂಜಿನ್ ಕಣ್ಣೆದುರು ಸುತ್ತುತ್ತಿದ್ದರೂ ಸೊನ್ನೆ ತೋರಿಸಿದರೆ ಎಂಜಿನ್ ಸುತ್ತುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿದೆ. ನಂತರ ಕ್ಯಾಮ್ ಮತ್ತು ಕ್ರ್ಯಾಂಕ್ ತಾಳೆಯಾಗಿವೆಯೇ ಎಂಬುದು. ಆಮೇಲೆ ರೈಲ್ ಪ್ರೆಷರ್. ಬಹುತೇಕ ಎಂಜಿನ್‌ಗಳಲ್ಲಿ ಇದು ಸುಮಾರು 200 ಬಾರ್ ಮುಟ್ಟದೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇಂಜೆಕ್ಟರ್ ತೆರೆಯುವುದಿಲ್ಲ. ನಿಖರ ಅಂಕಿ ಎಂಜಿನ್ನಿಂದ ಎಂಜಿನ್ನಿಗೆ ಬೇರೆ. ಸೊನ್ನೆಯ ಹತ್ತಿರವೇ ಬಿದ್ದಿದ್ದರೆ ಪಂಪಿಗೆ ಡೀಸೆಲೇ ಸಿಗುತ್ತಿಲ್ಲ, ಇಲ್ಲವೇ ಪಂಪಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಯಂತ್ರಿಸುವ ಮೀಟರಿಂಗ್ ವಾಲ್ವ್ ಮುಚ್ಚಿಕೊಂಡಿದೆ: ಪೈಪ್ ಪರೀಕ್ಷೆಗೆ ಹೋಗಿ. ನಿಧಾನವಾಗಿ ಏರಿ ನೂರರ ಆಸುಪಾಸು ನಿಂತುಬಿಟ್ಟರೆ ಒತ್ತಡ ಎಲ್ಲೋ ಸೋರುತ್ತಿರುವ ಸಾಧ್ಯತೆ ಹೆಚ್ಚು: ರಿಟರ್ನ್ ಪರೀಕ್ಷೆಗೆ ಹೋಗಿ. 300 ದಾಟಿಯೂ ಸ್ಟಾರ್ಟ್ ಆಗದಿದ್ದರೆ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್), ಸಿಂಕ್ (ಕ್ಯಾಮ್-ಕ್ರ್ಯಾಂಕ್ ತಾಳೆ), ಇಂಜೆಕ್ಟರ್ ವೈರಿಂಗ್ ನೋಡಿ.

ಸ್ಕ್ಯಾನರ್ ತೋರಿಸುವುದು ಸೆನ್ಸರ್ ಹೇಳಿದ್ದನ್ನು ಮಾತ್ರ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಕೀ ಆನ್ ಮಾಡಿದಾಗ ರೈಲ್ ಪ್ರೆಷರ್ ಸೊನ್ನೆಯ ಹತ್ತಿರವೂ, ಸೆನ್ಸರ್ ಸಿಗ್ನಲ್ ಸುಮಾರು 0.5 ವೋಲ್ಟೂ ಇರಬೇಕು. ಆಗಲೇ 300 ಬಾರ್ ತೋರಿಸಿದರೆ ಸೆನ್ಸರ್ ಅಥವಾ ಅದರ ಗ್ರೌಂಡ್ ಸುಳ್ಳು ಹೇಳುತ್ತಿದೆ. ಇನ್ನು, ಕಾರಿನ ಅಗ್ಗದ ರೀಡರ್ ಭಾರಿ ಲಾರಿಗೆ ಸಾಲದು. ಬಹಳಷ್ಟು ಲಾರಿಗಳು ಭಾರಿ ವಾಹನಗಳ ಡೇಟಾ ಮಾನದಂಡವಾದ ಜೆ1939 ಭಾಷೆಯಲ್ಲಿ ಮಾತಾಡುತ್ತವೆ, ಆ ರೀಡರಿಗೆ ಅದು ತಿಳಿಯದು.

ರಿಟರ್ನ್ ಬಾಟಲಿ

ಪ್ರತಿ ಇಂಜೆಕ್ಟರಿನ ರಿಟರ್ನ್ ನಿಪ್ಪಲ್ಲಿಗೆ ಒಂದೊಂದು ಸಣ್ಣ ಪೈಪ್ ಹಾಕಿ, ಗೆರೆ ಹಾಕಿದ ಬಾಟಲಿಗಳಿಗೆ ಬಿಡುವುದು. ಸೆಲ್ಫ್ ಹೊಡೆಯುವಾಗ ಒಳ್ಳೆಯ ಇಂಜೆಕ್ಟರಿನಿಂದ ಹೆಚ್ಚುಕಡಿಮೆ ಏನೂ ಬರಬಾರದು. ಉಳಿದವು ತೊಟ್ಟಿಕ್ಕುವಾಗ ಒಂದು ಧಾರೆಯಾಗಿ ಸುರಿಸಿದರೆ ಅದೇ ಆಸಾಮಿ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಹತ್ತಿಕೊಳ್ಳದ ಗಾಡಿಗೆ ನೇರವಾಗಿ ಇಲ್ಲಿಗೇ ಬನ್ನಿ. ಬಿಸಿ ಡೀಸೆಲ್ ತೆಳ್ಳಗಾಗಿ, ಸವೆದ ಸಂದಿನಲ್ಲಿ ಹೆಚ್ಚು ಜಾರುತ್ತದೆ. ರೈಲಿನಲ್ಲಿ ಅತಿಯಾದ ಒತ್ತಡ ಬಿಡುವ ರಿಲೀಫ್ ವಾಲ್ವಿನ ರಿಟರ್ನನ್ನೂ ಬಿಚ್ಚಿ ನೋಡಿ, ಅಲ್ಲಿಂದ ಡೀಸೆಲ್ ಬರಲೇಬಾರದು.

ಎರಡು ಕಡೆ ಇದು ಕೈಕೊಡುತ್ತದೆ. ಕೆಲವು ಪೀಝೋ (ಕರೆಂಟ್ ಕೊಟ್ಟಾಗ ಹಿಗ್ಗುವ ಹರಳಿನಿಂದ ತೆರೆಯುವ) ಇಂಜೆಕ್ಟರ್‌ಗಳಿಗೆ ರಿಟರ್ನ್ ಲೈನಿನಲ್ಲಿ ಸುಮಾರು 10 ಬಾರ್ ಹಿಮ್ಮುಖ ಒತ್ತಡ ಬೇಕು. ಲೈನ್ ಬಿಚ್ಚಿದರೆ ಅವು ಕೆಲಸವೇ ಮಾಡುವುದಿಲ್ಲ, ನೀವು ಒಳ್ಳೆಯದನ್ನು ಕೆಟ್ಟದ್ದೆಂದು ತೀರ್ಮಾನಿಸುತ್ತೀರಿ. ರಿಟರ್ನ್ ದಾರಿ ಸಿಲಿಂಡರ್ ಹೆಡ್ ಒಳಗೇ ಇರುವ ಎಂಜಿನ್‌ಗಳಲ್ಲಿ ನಿಪ್ಪಲ್ಲೇ ಸಿಗುವುದಿಲ್ಲ. ಅಲ್ಲಿ ರೈಲಿನ ಒಂದೊಂದು ಔಟ್‌ಲೆಟ್‌ಗೆ ಸರದಿಯಂತೆ ಬ್ಲಾಕಿಂಗ್ ಕ್ಯಾಪ್ ಹಾಕಿ, ಯಾವುದನ್ನು ಮುಚ್ಚಿದಾಗ ಪ್ರೆಷರ್ ಏರುತ್ತದೆ ನೋಡಬೇಕು. ನಿಧಾನದ ಕೆಲಸ, ಆದರೆ ಬಾಟಲಿಗಿಂತ ಖಚಿತ. ಹೈ ಪ್ರೆಷರ್ ಪೈಪ್ ಬಿಚ್ಚುವ ಮುನ್ನ ಎಂಜಿನ್ ನಿಲ್ಲಿಸಿ ಕನಿಷ್ಠ 10 ನಿಮಿಷ ಬಿಡಿ. ಹಳೆಯ ಇನ್‌ಲೈನ್ ಪಂಪಿನಲ್ಲಿ ಮಾಡುವಂತೆ ಸೆಲ್ಫ್ ಹೊಡೆಯುತ್ತಾ ನಟ್ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿಕೊಂಡು ಹೋಗುತ್ತದೆ.

ಈಥರ್ ಸ್ಪ್ರೇ

ಇದಕ್ಕೆ ಅಭಿಮಾನಿಗಳು ಬಹಳ, ಏಕೆಂದರೆ ಎಂಜಿನ್ ಒಂದೆರಡು ಸಲ ಗುರ್ ಅನ್ನುತ್ತದೆ. ಹಾಗೆ ಅಂದದ್ದರಿಂದ ತಿಳಿದದ್ದೇನು? ಕಂಪ್ರೆಷನ್ ಒಂದಿಷ್ಟು ಇದೆ ಎಂದು, ಅಷ್ಟೇ. ಹೊಗೆ ಬರುತ್ತಿಲ್ಲ ಎಂಬುದೇ ಡೀಸೆಲ್ ಇಲ್ಲವೆಂದು ಪುಕ್ಕಟೆ ಹೇಳಿತ್ತು. ಈಥರ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೇ ತಾನಾಗಿ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಸ್ಫೋಟ. ರಿಂಗ್ ಒಡೆಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗ್ಲೋ ಪ್ಲಗ್ ಅಥವಾ ಇನ್‌ಟೇಕ್ ಹೀಟರ್ ಇರುವ ಎಂಜಿನ್ನಿನಲ್ಲಿ ಇನ್‌ಟೇಕಿನಲ್ಲೇ ಬೆಂಕಿ ಹತ್ತಬಹುದು.

ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿಯಾದರೆ ಸ್ಕ್ಯಾನರಿನ ಜಾಗಕ್ಕೆ ಮಲ್ಟಿಮೀಟರ್ ಬರುತ್ತದೆ. ಪಂಪಿನ ಸ್ಟಾಪ್ ಸೊಲೆನಾಯ್ಡಿನಲ್ಲಿ (ಡೀಸೆಲ್ ಬಿಡುವ-ತಡೆಯುವ ವಿದ್ಯುತ್ ಸ್ವಿಚ್) ಕೀ ಆನ್ ಮಾಡಿದಾಗ ವೋಲ್ಟೇಜ್ ಇದ್ದರೆ ಸಾಲದು, ಸೆಲ್ಫ್ ಹೊಡೆಯುವಾಗಲೂ ಇರಬೇಕು. ಸವೆದ ಇಗ್ನಿಷನ್ ಸ್ವಿಚ್ಚುಗಳು ಸರಿಯಾಗಿ ಆ ಗಳಿಗೆಯಲ್ಲೇ ಕೈಬಿಡುತ್ತವೆ.

ಇವೆಲ್ಲ ಸರಿಯಿದ್ದು ಬಿಳಿ ಹೊಗೆ ಮಾತ್ರ ಬರುತ್ತಿದ್ದರೆ ಕಂಪ್ರೆಷನ್ ಗೇಜಿಗೆ ಮೊದಲು ಕರೆಂಟ್ ಕ್ಲ್ಯಾಂಪ್ ಹಾಕಿ. ಇಂಜೆಕ್ಷನ್ ನಿಲ್ಲಿಸಿ, ಬ್ಯಾಟರಿ ಕೇಬಲ್ ಸುತ್ತ ಕ್ಲ್ಯಾಂಪ್ ಇಟ್ಟು, ಆಸಿಲೋಸ್ಕೋಪಿನಲ್ಲಿ ಸೆಲ್ಫ್ ಮೋಟಾರಿನ ಕರೆಂಟ್ ಅಲೆ ನೋಡಿ. ಪ್ರತಿ ಸಿಲಿಂಡರಿಗೆ ಒಂದು ಏರು. ಒಂದು ಏರು ಗಿಡ್ಡವಾಗಿದ್ದರೆ ಗೇಜನ್ನು ಮೊದಲು ಹಾಕಬೇಕಾದ ಸಿಲಿಂಡರ್ ಅದೇ. ಎಲ್ಲ ಏರುಗಳೂ ಸಮವಾಗಿ ಕುಗ್ಗಿದ್ದರೆ ಮಾತ್ರ ಕ್ಲ್ಯಾಂಪ್ ಮೋಸ ಹೋಗುತ್ತದೆ, ಏಕೆಂದರೆ ಅದು ಒಂದನ್ನೊಂದಕ್ಕೆ ಹೋಲಿಸುತ್ತದೆಯೇ ಹೊರತು ಬಾರ್ ಲೆಕ್ಕ ಕೊಡುವುದಿಲ್ಲ. ಅಲ್ಲಿ ಗೇಜೇ ಬೇಕು.