ಕಲರ್ ಚೇಂಜ್ ನಿಂತರೆ ತಕ್ಷಣ ಬೋರ್ಡ್ ಬದಲಿಸಬೇಡಿ

ಕಾರವಾರದಲ್ಲಿ ಬ್ಲೌಸ್ ವರ್ಕ್ ಮಾಡುತ್ತೇನೆ. 12 ಸೂಜಿಯ, ಒಂದೇ ಹೆಡ್ಡಿನ ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ನನ್ನದು. ಒಂದೊಂದು ಸೂಜಿಗೆ ಒಂದೊಂದು ದಾರ. ಬಣ್ಣ ಬದಲಾಗಬೇಕಾದಾಗ ಸೂಜಿಗಳಿರುವ ಹೆಡ್ ಪಕ್ಕಕ್ಕೆ ಸರಿದು ಬೇಕಾದ ಸೂಜಿಯನ್ನು ತರುತ್ತದೆ, ಅದೇ ಕಲರ್ ಚೇಂಜ್. ಇಂಥದ್ದೇ ಇಟ್ಟುಕೊಂಡವರು, ಅದರಲ್ಲೂ ಕರಾವಳಿಯವರು, ದಯವಿಟ್ಟು ಪೂರ್ತಿ ಓದಿ.

ಚೌತಿಗೆ ಒಂಬತ್ತು ದಿನ ಉಳಿದಿತ್ತು. ನವಿಲಿನ ಡಿಸೈನ್, ನಾಲ್ಕನೇ ಸೂಜಿಯ ಹಸಿರು ಮುಗಿದು ಏಳನೆಯದರ ಜರಿ ಬರಬೇಕು. ದಾರ ಕತ್ತರಿಸಿತು, ಮೋಟಾರ್ ಗುಂಯ್ ಅಂದಿತು, ಹೆಡ್ ಆರು-ಏಳರ ನಡುವೆ ನಿಂತೇಬಿಟ್ಟಿತು. ಪ್ಯಾನೆಲ್ ಮೇಲೆ 6, 7, 6, 7 ಅಂತ ಮಿಣುಕು. ಆಫ್ ಮಾಡಿ ಆನ್ ಮಾಡಿದೆ. ಮೂರನೇ ಸಲಕ್ಕೆ 7 ತೋರಿಸಿತು, ಆದರೆ ಹೆಡ್ ಕೂದಲೆಳೆಯಷ್ಟು ಪಕ್ಕದಲ್ಲೇ ಇತ್ತು. ನಾನು ಅದನ್ನು ನೋಡದೆ ಸ್ಟಾರ್ಟ್ ಒತ್ತಿದೆ. ಸೂಜಿ ಪ್ಲೇಟಿನ ತೂತಿನ ಅಂಚಿಗೆ ಬಡಿದು ಮುರಿಯಿತು, ಗಿರಾಕಿಯ ರೇಷ್ಮೆ ಹರಿಯಿತು.

ಘಟ್ಟದ ಮೇಲಿಂದ ಮೆಕ್ಯಾನಿಕ್ ಬಂದರು. ಕವರ್ ಕೂಡ ಬಿಚ್ಚಿ ನೋಡದೆ, "ಬೋರ್ಡ್ ಹೋಗಿದೆ, ಮೋಟಾರೂ ವೀಕ್" ಅಂದರು. ಎರಡನ್ನೂ ಬದಲಿಸಿ 22 ಸಾವಿರ ತೆಗೆದುಕೊಂಡರು, ಹಳೇ ಪಾರ್ಟುಗಳನ್ನೂ ಒಯ್ದರು. ಬಿಲ್ ಇಲ್ಲ. ಎರಡು ದಿನ ಓಡಿತು, ಮೂರನೇ ದಿನ ಮತ್ತೆ ಅದೇ 6, 7.

ಆಮೇಲೆ ಶಿರಸಿಯಲ್ಲಿ ಇದೇ ಕೆಲಸ ಮಾಡುವ ಗೆಳತಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಮೊದಲು ಕೇಳಿದ್ದೇ, "ಶಾಫ್ಟ್ 100 ಡಿಗ್ರಿಯಲ್ಲಿ ನಿಂತಿದೆಯಾ?" ಅಂತ. ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಮುಖ್ಯ ಶಾಫ್ಟ್ ಅದು. ನಮ್ಮಂಥ ಮೆಷಿನ್‌ಗಳಲ್ಲಿ ಸೂಜಿ ಮೇಲೆದ್ದು ಶಾಫ್ಟ್ ಅಲ್ಲಿ ನಿಂತಾಗ ಮಾತ್ರ ಹೆಡ್ ಪಕ್ಕಕ್ಕೆ ಸರಿಯಬಹುದು. ಅದು ಸರಿ ಇತ್ತು. "ಹಾಗಾದರೆ ಪವರ್ ತೆಗೆದು, ಕಲರ್ ಚೇಂಜ್ ನಾಬನ್ನು ಕೈಯಲ್ಲೇ ತಿರುಗಿಸು" ಅಂದಳು. ಒಂದರಿಂದ ಆರರವರೆಗೆ ಸಲೀಸು. ಆರು ದಾಟುವಾಗ ಕೈಗೇ ಗೊತ್ತಾಯಿತು, ಹಿಡಿಯುತ್ತಿದೆ.

ಕವರ್ ತೆಗೆದರೆ, ತಿರುಗುತ್ತಾ ಹೆಡ್ಡನ್ನು ಪಕ್ಕಕ್ಕೆ ಸರಿಸುವ ಕ್ಯಾಮಿನ ತೋಡಿನಲ್ಲಿ ಗ್ರೀಸ್, ಡಬ್ಬಿಯ ತಳದ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ, ದಾರದ ಹಿಂಜು ಮೆತ್ತಿಕೊಂಡು ಕೂತಿತ್ತು. ಕೆಳಗಿನ ರೈಲಿಗೆ ನಮ್ಮ ಉಪ್ಪು ಗಾಳಿಯ ತುಕ್ಕು. ಕೆಲಸದ ಹುಡುಗಿ ಅದಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದಳಂತೆ. ಖಂಡಿತ ಬಿಡಬೇಡಿ, ಅಂಟಾಗುತ್ತದೆ. ಹೊಲಿಗೆ ಮೆಷಿನ್ನಿನ ಬಿಳಿ ಎಣ್ಣೆಯೇ ಬೇಕು. ಇನ್ನೊಂದು ತೊಂದರೆ ಪೊಟೆನ್ಶಿಯೋಮೀಟರಿನದು. ಹೆಡ್ ಯಾವ ಸೂಜಿಯಲ್ಲಿದೆ ಅಂತ ಪ್ಯಾನೆಲ್ಲಿಗೆ ಹೇಳುವ ಪಾರ್ಟ್ ಅದು. ಅದನ್ನು ಹಿಡಿದಿಡುವ ಕಡಲೆಕಾಳಿಗಿಂತ ಚಿಕ್ಕ ಸ್ಕ್ರೂ ಸಡಿಲಾಗಿತ್ತು. ಕ್ಯಾಮಿನ ಶಾಫ್ಟ್ ತಿರುಗುತ್ತಿತ್ತು, ಪೊಟೆನ್ಶಿಯೋಮೀಟರ್ ಜೊತೆಗೆ ತಿರುಗದೆ ಜಾರುತ್ತಿತ್ತು. ಮಿಣುಕಿಗೆ ಕಾರಣ ಅದೇ.

ಹಳೇ ಗ್ರೀಸ್ ಕೆರೆದು ಹೊಸದು ಹಚ್ಚಿ, ಒಂದನೇ ಸೂಜಿಯಲ್ಲಿ ನಿಲ್ಲಿಸಿ ಸ್ಕ್ರೂ ಬಿಗಿ ಮಾಡಿದೆ. ಪವರ್ ಕೊಟ್ಟು 1ರಿಂದ 12ರವರೆಗೆ ಒಂದೊಂದಕ್ಕೂ ಕಳಿಸಿ ನಂಬರ್ ತಾಳೆ ನೋಡಿದೆ. ಖರ್ಚು ಒಂದು ಗ್ರೀಸ್ ಟ್ಯೂಬ್.

ಯಾರೇ ಬರಲಿ, ಮೊದಲು ನಾಬ್ ಕೈಯಲ್ಲಿ ತಿರುಗಿಸಿ ತೋರಿಸಿ ಅನ್ನಿ. ಹಳೇ ಪಾರ್ಟ್ ಕೊಡಬೇಡಿ, ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಹೆಡ್ ಎರಡು ಸೂಜಿಗಳ ನಡುವೆ ನಿಂತಿದ್ದರೆ ಸ್ಟಾರ್ಟ್ ಮುಟ್ಟಲೇಬೇಡಿ.

ಹರಿದ ಆ ಬ್ಲೌಸ್ ಬಟ್ಟೆ ಸೀರೆಯ ಜೊತೆಗೇ ಬಂದದ್ದು, ಅದೇ ಬಣ್ಣ ಎಲ್ಲೂ ಸಿಗಲಿಲ್ಲ. ಹರಿದ ಕಡೆ ಇನ್ನೊಂದು ನವಿಲು ಕೂರಿಸಿ ಕೊಟ್ಟೆ, ಕೂಲಿ ತೆಗೆದುಕೊಳ್ಳಲಿಲ್ಲ.