ಮಾಣಿಕ್ಯದ ಉಂಗುರಕ್ಕೆ ಯಾವ ಹರಳು? ತೊಟ್ಟು, ತೂಗಿ ನೋಡಿದ ನಾಲ್ಕರ ಹೋಲಿಕೆ

ರಾಯಚೂರಿನ ನಮ್ಮ ಮನೆಯಲ್ಲಿ ಈಗ ನಾಲ್ಕು ಬಗೆಯ ಕೆಂಪು ಹರಳುಗಳಿವೆ, ನಾಲ್ಕೂ ‘ಮಾಣಿಕ್ಯ’ ಎಂಬ ಹೆಸರಿನಲ್ಲಿಯೇ ಬಂದವು. ಹತ್ತು ವರ್ಷಗಳ ಹಿಂದೆ ಊರಿನಲ್ಲಿಯೇ ಕೊಂಡ 5.20 ಕ್ಯಾರೆಟ್ಟಿನ ದೊಡ್ಡ ಹರಳು ಮೊದಲನೆಯದು. ಅತ್ತೆಯವರಿಂದ ಬಂದ ಕೆಂಪಿನ ಓಲೆಯ ಹರಳುಗಳು ಎರಡನೆಯವು. ಮೈಸೂರು ಸೀಮೆಯದೆಂದು ಹೇಳಿ ಕೊಟ್ಟ, ಬೆಳಕು ಹಾಯದ ಉಬ್ಬು ಹರಳು ಮೂರನೆಯದು. ಮಗಳ ಉಂಗುರಕ್ಕಾಗಿ ಹೈದರಾಬಾದಿನಿಂದ ತಂದ 0.72 ಕ್ಯಾರೆಟ್ಟಿನ ಮೊಜಾಂಬಿಕ್ ಮಾಣಿಕ್ಯ ಕೊನೆಯದು. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ಈ ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ನೋಡುವಷ್ಟು ತಿಳಿವಳಿಕೆ ಪಡೆದದ್ದು ಮೊದಲನೆಯದು ಕೆಟ್ಟ ಮೇಲೆಯೇ.

ಮಾಣಿಕ್ಯ ಎಂದರೆ ಅಲ್ಯೂಮಿನಿಯಂ ಆಕ್ಸೈಡಿನ ಹರಳು, ಅಂದರೆ ಕುರುಂದ. ಇಂಗ್ಲಿಷಿನವರ ‘ಕೊರಂಡಮ್’ ಎಂಬ ಹೆಸರೂ ತಮಿಳಿನ ‘ಕುರುಂದಂ’ನಿಂದ ಹೋದದ್ದೇ. ಅದರಲ್ಲಿ ಅತ್ಯಲ್ಪ ಕ್ರೋಮಿಯಂ ಬೆರೆತರೆ ಕೆಂಪು ಮಾಣಿಕ್ಯವಾಗುತ್ತದೆ, ಕಬ್ಬಿಣ ಮತ್ತು ಟೈಟೇನಿಯಂ ಬೆರೆತರೆ ಅದೇ ಕಲ್ಲು ನೀಲವಾಗುತ್ತದೆ. ಗಡಸುತನದಲ್ಲಿ ವಜ್ರ 10 ಆದರೆ ಮಾಣಿಕ್ಯ 9. ಸಾಂದ್ರತೆ ನೀರಿನ 4 ಪಟ್ಟು. ಈ ಅಂಕಿಗಳನ್ನು ಬಲ್ಲ ನಾನೇ ಮೋಸಹೋದೆನಲ್ಲ ಎಂಬ ಸಂಕಟ ಇಂದಿಗೂ ಉಳಿದಿದೆ. ಕಾರಣವೇನೆಂದರೆ, ಹರಳು ಮಾಣಿಕ್ಯವೇ ಅಲ್ಲವೇ ಎಂದು ಮಾತ್ರ ನಾನು ಕೇಳಿದ್ದೆನೇ ಹೊರತು, ಆ ಹರಳಿಗೆ ಏನೇನು ಮಾಡಿದ್ದೀರಿ ಎಂದು ಕೇಳಿರಲಿಲ್ಲ.

ಆ ದೊಡ್ಡ ಹರಳಿಗೆ ನಾನು ಕೊಟ್ಟದ್ದು 9,000 ರೂಪಾಯಿ. ಅಂಗಡಿಯ ಹಳದಿ ದೀಪದ ಕೆಳಗೆ ಅದು ದಾಳಿಂಬೆಯ ಕಾಳಿನಂತೆ ಹೊಳೆಯುತ್ತಿತ್ತು, ಜೊತೆಗೆ ಕೊಟ್ಟ ಚೀಟಿಯಲ್ಲಿ ‘ನ್ಯಾಚುರಲ್ ರೂಬಿ’ ಎಂದು ಅಚ್ಚಾಗಿತ್ತು. ಎರಡು ವರ್ಷ ತೊಟ್ಟ ಮೇಲೆ ಉಂಗುರ ಬಿಗಿಯಾಯಿತೆಂದು ನಮ್ಮ ಪತ್ತಾರರ ಬಳಿ ದೊಡ್ಡದು ಮಾಡಿಸಲು ಒಯ್ದೆ. ಅವರು ಬೆಸುಗೆಗಾಗಿ ಬೆಂಕಿ ಹಿಡಿದು, ಆಮೇಲೆ ಆಮ್ಲದಲ್ಲಿ ಅದ್ದಿ ತೆಗೆದಾಗ ಹರಳಿನ ಮೈಮೇಲೆ ಬಿರಿದ ಕೆರೆಯಂಗಳದಂತೆ ಬಿಳಿಯ ಗೆರೆಗಳು ಎದ್ದಿದ್ದವು. ‘ಅಕ್ಕಾರ, ಇದರೊಳಗ ಗಾಜು ಐತ್ರಿ, ಮೊದಲ ಹೇಳಿದ್ರ ಹರಳು ತಗದ ಬೆಸಿತಿದ್ದೆ’ ಎಂದು ಅವರು ನೊಂದುಕೊಂಡರು. ತಪ್ಪು ಅವರದಾಗಿರಲಿಲ್ಲ. ತುಂಬ ಬಿರುಕುಗಳಿರುವ, ಹಾಗೆಯೇ ಬಿಟ್ಟರೆ ಒಡವೆಗೆ ಬಾರದ ಕಳಪೆ ಕುರುಂದವನ್ನು ತೆಗೆದುಕೊಂಡು, ಅದರ ಸೀಳುಗಳಿಗೆ ಸೀಸ ಬೆರೆತ ಗಾಜನ್ನು ಕರಗಿಸಿ ಇಳಿಸಿ, ಬಿರುಕು ಕಾಣದಂತೆ ಮಾಡುವ ವಿಧಾನ 2004ರ ಸುಮಾರಿಗೆ ಮಾರುಕಟ್ಟೆಗೆ ಬಂದಿತು. ಸೀಸದ ಗಾಜು ಬೆಳಕನ್ನು ಬಾಗಿಸುವ ಪ್ರಮಾಣ ಮಾಣಿಕ್ಯದ್ದಕ್ಕೆ ಹತ್ತಿರವಾಗಿರುವುದರಿಂದ ಬಿರುಕು ಕಣ್ಣಿಗೆ ಮರೆಯಾಗುತ್ತದೆ. ಆದರೆ ಆ ಗಾಜಿಗೆ ಪತ್ತಾರರ ಬೆಂಕಿಯನ್ನಾಗಲಿ ಆಮ್ಲವನ್ನಾಗಲಿ ತಡೆಯುವ ಶಕ್ತಿಯಿಲ್ಲ, ನಿಂಬೆಯ ರಸದಲ್ಲಿ ಹೊತ್ತುಗಟ್ಟಲೆ ಇದ್ದರೂ ಅದು ಕೊರೆದುಹೋಗುತ್ತದೆ. ದಿನವೂ ಹುಣಸೆ ಕಿವುಚುವ, ಉಪ್ಪಿನಕಾಯಿಗೆ ನಿಂಬೆ ಹಿಂಡುವ ಕೈಗೆ ಇಂಥ ಹರಳು ಹೊಂದುವುದಾದರೂ ಹೇಗೆ?

ಅದನ್ನು ಉಂಗುರದಿಂದ ಬಿಡಿಸಿ, ಹಿಂದೆ ಕಲಿಸುತ್ತಿದ್ದ ಕಾಲೇಜಿನ ಪ್ರಯೋಗಾಲಯದ ತಕ್ಕಡಿಯಲ್ಲಿ ಮೊದಲು ಗಾಳಿಯಲ್ಲಿ, ಆಮೇಲೆ ನೀರಿನಲ್ಲಿ ತೂಗಿದೆ. ಸಾಂದ್ರತೆ 4ರ ಹತ್ತಿರವೇ ಬಂದಿತು. ಅಂದರೆ ತೂಕದ ಪರೀಕ್ಷೆ ಇಲ್ಲಿ ಏನನ್ನೂ ಹೇಳಿಕೊಡಲಿಲ್ಲ. ಹೇಳಿಕೊಟ್ಟದ್ದು 10 ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ, ಅಂದರೆ ಲೂಪ್. ಹರಳನ್ನು ಮೆಲ್ಲನೆ ಓಲಾಡಿಸಿದಾಗ ಒಳಗಿನ ಸೀಳುಗಳಲ್ಲಿ ನೀಲಿಯ ಮಿಂಚು ಹಾಯ್ದಿತು, ಗಾಜಿನಲ್ಲಿ ಸಿಕ್ಕಿಕೊಂಡ ಗುಂಡನೆಯ ಗಾಳಿಗುಳ್ಳೆಗಳು ಕಂಡವು. ಮಾರುವವರೆದುರೇ ಲೂಪ್ ಹಿಡಿದು ಈ ನೀಲಿಯ ಮಿಂಚನ್ನು ಹುಡುಕುವ ಅಭ್ಯಾಸವನ್ನು ಕೊಳ್ಳುವವರೆಲ್ಲರೂ ಮಾಡಿಕೊಳ್ಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಅತ್ತೆಯವರ ಓಲೆಯ ಕಥೆ ಬೇರೆ. ಅದರ ಹರಳಿನ ಮನೆಗಳು ಹಿಂದಿನಿಂದ ಮುಚ್ಚಿದ್ದು, ಒಳಗೆ ಕೆಂಪು ಬೇಗಡೆ ಇಟ್ಟು ಕೂಡಿಸಿದ್ದರಿಂದ ಬಣ್ಣ ಯಾವುದರದೆಂದು ತಿಳಿಯುತ್ತಿರಲಿಲ್ಲ. ಮನೆಮಂದಿಯೆಲ್ಲ ಅದನ್ನು ಬರ್ಮಾ ಮಾಣಿಕ್ಯವೆಂದೇ ನಂಬಿದ್ದರು. ನೇರಳಾತೀತ ಟಾರ್ಚಿನ ಬೆಳಕು ಬಿಟ್ಟಾಗ ಅವು ಕೆಂಡದಂತೆ ಉರಿದದ್ದರಿಂದ ನಾನೂ ಹಾಗೆಯೇ ನಂಬಿದೆ. ಮ್ಯಾನ್ಮಾರಿನ ಮೊಗೋಕ್ ಮಾಣಿಕ್ಯಗಳಲ್ಲಿ ಕಬ್ಬಿಣ ಕಡಿಮೆಯಿರುವುದರಿಂದ ಅವು ಆ ಬೆಳಕಿನಲ್ಲಿ ಬಲವಾಗಿ ಕೆಂಪಗೆ ಹೊಳೆಯುತ್ತವೆ ಎಂದು ಓದಿದ್ದೆ. ಆದರೆ ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಓಲೆಯನ್ನು ಕೊಟ್ಟಾಗ ಬಂದ ಉತ್ತರ, ಇವು ಯಂತ್ರದಲ್ಲಿ ಬೆಳೆಸಿದ ಹರಳುಗಳು ಎಂದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಒಗ್ಯುಸ್ತ್ ವರ್ನ್ಯೂಯ್ 1902ರಲ್ಲಿ ಪ್ರಕಟಿಸಿದ, ಅಲ್ಯೂಮಿನಾ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ ಹನಿಹನಿಯಾಗಿ ಹರಳು ಬೆಳೆಸುವ ವಿಧಾನ ಅದು. ಕಬ್ಬಿಣವೇ ಇಲ್ಲದ ಈ ಹರಳುಗಳು ಗಣಿಯ ಹರಳಿಗಿಂತಲೂ ಹೆಚ್ಚು ಉರಿಯುವುದು ಸಹಜ. ಹಾಗಾಗಿ ಟಾರ್ಚಿನ ಹೊಳಪನ್ನೇ ತೋರಿಸಿ ‘ಅಸಲಿ’ ಎನ್ನುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಲೂಪಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದಾಗ ಒಂದು ಹರಳಿನಲ್ಲಿ ಮಾತ್ರ, ಹಳೆಯ ಗ್ರಾಮಫೋನ್ ತಟ್ಟೆಯ ಗೆರೆಗಳಂತಹ ಬಾಗಿದ ರೇಖೆಗಳು ನನಗೆ ಕಂಡವು. ಗಣಿಯ ಹರಳಿನಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿ ಅಥವಾ ಕೋನವಾಗಿರುತ್ತವೆ, ಹೀಗೆ ಬಾಗುವುದಿಲ್ಲ.

ಬೆಳೆಸಿದ ಹರಳನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಅದೂ ಕುರುಂದವೇ, ಗಡಸುತನ ಅಷ್ಟೇ, ಬೆಂಕಿ ಮತ್ತು ಹುಳಿಗೆ ಅದು ಹೆದರುವುದಿಲ್ಲ. ಅತ್ತೆಯವರು ಜೀವಮಾನವಿಡೀ ಹಾಕಿಕೊಂಡರೂ ಅಂಚುಗಳು ಸವೆದಿಲ್ಲ. ಬಾಳಿಕೆಯನ್ನಷ್ಟೇ ನೋಡಿದರೆ, 9,000 ಕೊಟ್ಟ ನನ್ನ ಗಾಜು ತುಂಬಿದ ಹರಳಿಗಿಂತ ಇದು ಎಷ್ಟೋ ಮೇಲು. ಬೆಳೆಸಿದ್ದೆಂದು ಹೇಳಿ, ಆ ಬೆಲೆಗೇ ಮಾರಿದರೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಮೂರನೆಯ ಉಬ್ಬು ಹರಳಿಗೆ ಕೊಟ್ಟದ್ದು 2,400 ರೂಪಾಯಿ. ತೂಕ 6 ಕ್ಯಾರೆಟ್, ಬಣ್ಣ ಬೀಟ್‌ರೂಟಿನಂತೆ ನೇರಳೆ ಬೆರೆತ ಕೆಂಪು, ಸಾಂದ್ರತೆ 4ಕ್ಕೆ ತುಸು ಕಡಿಮೆ. ನಮ್ಮ ರಾಜ್ಯದ ಮಾಣಿಕ್ಯಗಳು ಹೆಚ್ಚಾಗಿ ಹೀಗೆಯೇ ಬೆಳಕು ಹಾಯದವು. ಆದ್ದರಿಂದ ಅವನ್ನು ಮುಖಗಳಾಗಿ ಕಡೆಯದೆ ಗುಮ್ಮಟದಂತೆ ಉಬ್ಬಾಗಿ ಉಜ್ಜುತ್ತಾರೆ. ಒಳಗೆ ಸೂಕ್ಷ್ಮ ಸೂಜಿಯಂತಹ ಖನಿಜಗಳು ಮೂರು ದಿಕ್ಕಿಗೆ ಒಪ್ಪವಾಗಿ ಹಬ್ಬಿದ್ದರೆ, ಒಂದೇ ದೀಪದ ಕೆಳಗೆ ಆರು ಗೆರೆಗಳ ನಕ್ಷತ್ರ ಮೂಡುತ್ತದೆ. ನನ್ನದರಲ್ಲಿ ಅದು ಮಸುಕಾಗಿಯಾದರೂ ಇದೆ. ಹೊಳಪಿನಲ್ಲಿ ಇದು ಉಳಿದ ಮೂರಕ್ಕೂ ಸಾಟಿಯಲ್ಲದಿದ್ದರೂ, ದಿನಬಳಕೆಯಲ್ಲಿ ನಾಲ್ಕು ವರ್ಷದಿಂದ ಏನೂ ಆಗಿಲ್ಲ.

ಮಗಳ ಉಂಗುರಕ್ಕೆ ಹೊರಟಾಗ ಮಾತ್ರ ನಾನು ಕೇಳುವ ರೀತಿಯನ್ನೇ ಬದಲಿಸಿದೆ. ಹೈದರಾಬಾದಿನಲ್ಲಿ ಮೂರು ಅಂಗಡಿ ತಿರುಗಿದೆವು. ಬರ್ಮಾದ, ಕಾಯಿಸದ ಹರಳನ್ನು ಒಬ್ಬರು ತೋರಿಸಿದರು. ‘ಪಾರಿವಾಳದ ರಕ್ತ’ ಎಂದು ವರ್ತಕರು ಕರೆಯುವ ಆ ಬಣ್ಣ ಹಗಲು ಬೆಳಕಿನಲ್ಲಿ ಒಳಗಿನಿಂದಲೇ ಹೊತ್ತಿಕೊಂಡಂತಿತ್ತು, ಅದನ್ನು ನೋಡಿದ ಕಣ್ಣು ಬಹಳ ಹೊತ್ತು ಬೇರೆಯದನ್ನು ಒಪ್ಪಲಿಲ್ಲ. ಬೆಲೆ ನಮ್ಮ ಶಕ್ತಿಗೆ ಮೀರಿದ್ದರಿಂದ ಕೈಬಿಟ್ಟೆವು. ಇನ್ನೊಬ್ಬರು ಕೆಂಪು ಸ್ಪೈನೆಲ್ ತೋರಿಸಿ, ಇದು ಮಾಣಿಕ್ಯವಲ್ಲವೆಂದು ತಾವಾಗಿಯೇ ಹೇಳಿದರು. ಸ್ಪೈನೆಲ್ ಬೇರೆಯೇ ಖನಿಜ, ಗಡಸುತನ 8, ಸಾಂದ್ರತೆ 3.6. 1783ರಲ್ಲಿ ಇವೆರಡನ್ನೂ ಬೇರೆ ಬೇರೆ ಎಂದು ಗುರುತಿಸುವವರೆಗೆ ಕೆಂಪಗಿದ್ದುದೆಲ್ಲ ಮಾಣಿಕ್ಯವೆಂದೇ ನಡೆದಿತ್ತು. ಬ್ರಿಟನ್ನಿನ ಕಿರೀಟದಲ್ಲಿರುವ ‘ಕಪ್ಪು ರಾಜಕುಮಾರನ ಮಾಣಿಕ್ಯ’ವೂ ಸ್ಪೈನೆಲ್ಲೇ. 1520ರ ಸುಮಾರಿಗೆ, ನಮ್ಮ ರಾಯಚೂರು ಕೋಟೆಗಾಗಿ ಯುದ್ಧ ನಡೆದ ಕಾಲದಲ್ಲಿ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅಲ್ಲಿನ ಬೀದಿಯಲ್ಲಿ ಮಾರುತ್ತಿದ್ದ ಮಾಣಿಕ್ಯಗಳನ್ನು ಬರೆದಿಟ್ಟಿದ್ದಾನೆ. ಅವುಗಳಲ್ಲಿ ಎಷ್ಟು ಸ್ಪೈನೆಲ್ ಇದ್ದವೋ ಎಂದು ಹಂಪಿಯ ಆ ಬೀದಿಗಳಲ್ಲಿ ನಡೆಯುವಾಗಲೆಲ್ಲ ನನಗೆ ಅನ್ನಿಸುತ್ತದೆ.

ಕೊನೆಗೆ ಆರಿಸಿದ್ದು ಮೊಜಾಂಬಿಕ್ ಹರಳು. ಆ ದೇಶದ ಮೊಂಟೆಪುಯೆಜ್ ಬಳಿ 2009ರಲ್ಲಿ ಪತ್ತೆಯಾದ ನಿಕ್ಷೇಪದಿಂದಾಗಿ ಇಂದು ಒಳ್ಳೆಯ ಮಾಣಿಕ್ಯ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ನಮ್ಮ ಹರಳನ್ನು ಕಾಯಿಸಿದ್ದಾರೆ, ವರದಿಯಲ್ಲಿ ಹಾಗೆಂದು ಬರೆದಿದೆ. ಹೆಚ್ಚಿನ ಉಷ್ಣತೆಯಲ್ಲಿ ಕಾಯಿಸಿದರೆ ಕೆಂಪಿನಲ್ಲಿರುವ ನೀಲಿಛಾಯೆ ಕಡಿಮೆಯಾಗಿ ಬಣ್ಣ ತಿಳಿಯಾಗುತ್ತದೆ. ಈ ಬದಲಾವಣೆ ಶಾಶ್ವತ, ಹೊರಗಿನದೇನೂ ಒಳಗೆ ಸೇರುವುದಿಲ್ಲ. ವ್ಯಾಪಾರದಲ್ಲಿ ಇದು ಒಪ್ಪಿತವಾದ ಪದ್ಧತಿ, ಗಾಜು ತುಂಬುವುದರ ಜೊತೆಗೆ ಇದನ್ನು ಎಣಿಸಬಾರದು. ಟಾರ್ಚಿನ ಬೆಳಕಿನಲ್ಲಿ ಇದು ಓಲೆಯ ಹರಳಿನ ಅರ್ಧದಷ್ಟೂ ಉರಿಯಲಿಲ್ಲ, ಒಳಗಿನ ಕಬ್ಬಿಣ ಹೊಳಪನ್ನು ತಗ್ಗಿಸುತ್ತದೆ. ಲೂಪಿನಲ್ಲಿ ರೇಷ್ಮೆಯ ಎಳೆಯಂತಹ ಕೆಲವು ಚುಕ್ಕೆಗಳು ಕಂಡವು, ನೀಲಿಯ ಮಿಂಚು ಎಲ್ಲಿಯೂ ಕಾಣಲಿಲ್ಲ. 31,000 ರೂಪಾಯಿಗೆ ಕಡಲೆಕಾಳಿಗಿಂತ ಚಿಕ್ಕ ಹರಳೇ ಎಂದು ಮನೆಯಲ್ಲಿ ಮೊದಲು ಬೇಸರಪಟ್ಟರು. ಬೆಳಗಿನ ಎಂಟರ ಹೊತ್ತಿಗೆ, ಬಿಸಿಲು ನೇರವಾಗಿ ಬೀಳದ ಪಡಸಾಲೆಯಲ್ಲಿ ಇದನ್ನೂ ಗಾಜು ತುಂಬಿದ ಆ ದೊಡ್ಡ ಹರಳನ್ನೂ ಅಂಗೈಮೇಲಿಟ್ಟು ತೋರಿಸಿದ ಮೇಲೆ ಆ ಮಾತು ನಿಂತಿತು.

ಹಾಲಿನ ಪರೀಕ್ಷೆಯನ್ನೂ ಮಾಡಿದೆ. ಮಾಣಿಕ್ಯ ಹಾಕಿದರೆ ಹಾಲು ಕೆಂಪಾಗಿ ಕಾಣುತ್ತದೆ ಎಂಬ ಮಾತು ನಮ್ಮ ಕಡೆ ಗಟ್ಟಿಯಾಗಿದೆ. ನಾಲ್ಕೂ ಹರಳನ್ನು ಬೇರೆ ಬೇರೆ ಬಟ್ಟಲಲ್ಲಿ ಹಾಕಿದಾಗ ಹಾಲು ಹಾಲಾಗಿಯೇ ಉಳಿಯಿತು. ಗಾಜಿನ ಮೇಲೆ ಗೀಚಿ ನೋಡುವುದಂತೂ ಬೇಡ, ಬೆಳೆಸಿದ ಹರಳೂ ಗಾಜು ತುಂಬಿದ ಹರಳೂ ಗಾಜನ್ನು ಗೀಚಬಲ್ಲವು. ಚಿನ್ನಕ್ಕೆ ಒರೆಗಲ್ಲಿದೆ, ಹಾಲ್‌ಮಾರ್ಕ್ ಇದೆ. ನಮ್ಮ ಜಿಲ್ಲೆಯ ಹಟ್ಟಿ ಗಣಿಯಿಂದಲೇ ಬಂದ ಚಿನ್ನವಾದರೂ ಪತ್ತಾರರು ಒರೆಗೆ ಹಚ್ಚಿಯೇ ನೋಡುತ್ತಾರೆ. ಆದರೆ ಉಂಗುರದ ಮೇಲಿನ ಹಾಲ್‌ಮಾರ್ಕ್ ಗುರುತು ಚಿನ್ನದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಹರಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹರಳಿಗೆ ಅಂಗಡಿಗೆ ಸಂಬಂಧವಿಲ್ಲದ ಪ್ರಯೋಗಾಲಯದ ವರದಿಯೇ ಬೇಕು, ಅದರಲ್ಲಿಯೂ ‘ನ್ಯಾಚುರಲ್’ ಎಂಬ ಪದದಲ್ಲಿ ನಿಲ್ಲದೆ ಕೆಳಗಿನ ಷರಾ ಓದಬೇಕು.

ಈ ಸಲದ ರಸೀದಿಯಲ್ಲಿ ನಾನು ಮೂರು ವಿಷಯ ಬರೆಸಿಕೊಂಡೆ. ಹರಳು ಬಿಟ್ಟು ಬರಿ ಚಿನ್ನದ ತೂಕ, ಚಿನ್ನದ ದರಕ್ಕೆ ಹರಳು ತೂಗಿಹೋಗಬಾರದಲ್ಲ. ಹರಳಿನ ತೂಕ, ಅದೂ ರತ್ತಿಯಲ್ಲಲ್ಲದೆ ಕ್ಯಾರೆಟ್ಟಿನಲ್ಲಿ, ಏಕೆಂದರೆ ರತ್ತಿಯ ಲೆಕ್ಕ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಕ್ಯಾರೆಟ್ ಎಲ್ಲಿಯಾದರೂ 0.2 ಗ್ರಾಮೇ. ಮೂರನೆಯದಾಗಿ, ‘ಮಾಣಿಕ್ಯವನ್ನು ಕಾಯಿಸಲಾಗಿದೆ, ಗಾಜು ತುಂಬಿಲ್ಲ’ ಎಂಬ ಒಂದು ಸಾಲು. ಮಾರುವವರು ಅದನ್ನು ಬರೆಯಲು ಒಂದಿಷ್ಟೂ ಹಿಂಜರಿಯಲಿಲ್ಲ.