ಕನ್ನಡ ಪುಸ್ತಕಗಳಿಗೆ ಕ್ಯಾಲಿಬರ್, ಕಾಮಿಕ್ಸ್‌ಗೆ ಕೊಮ್ಗಾ

ಮುಂಬಯಿಯ ಮಳೆಗಾಲದ ತೇವಕ್ಕೆ ಹಳೆಯ ಪುಸ್ತಕಗಳು ಬೂಷ್ಟು ಹಿಡಿಯುತ್ತವೆ, ಹೊಸ ಕಪಾಟು ಇಡೋಣವೆಂದರೆ ಮನೆಯಲ್ಲಿ ಜಾಗವಿರುವುದಿಲ್ಲ. ಹೀಗಾಗಿ ಡೊಂಬಿವಲಿಯ ನಮ್ಮ ಮನೆಯ ಸಂಗ್ರಹದ ಬಹುಪಾಲು ಈಗ ಕಂಪ್ಯೂಟರಿನಲ್ಲಿದೆ: ಕನ್ನಡ ಕಾದಂಬರಿಗಳು, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು, ಮಕ್ಕಳು ಓದುವ ಮರಾಠಿ ಮತ್ತು ಇಂಗ್ಲಿಷ್ ಕಾಮಿಕ್ಸ್. ಇವನ್ನು ಜೋಡಿಸಿಡಲು ಕ್ಯಾಲಿಬರ್ ಮತ್ತು ಕೊಮ್ಗಾ ಎಂಬ ಎರಡು ಉಚಿತ ತಂತ್ರಾಂಶಗಳನ್ನು ಬಳಸುತ್ತಿದ್ದೇನೆ. ಒಂದರ ಕೆಲಸವನ್ನು ಇನ್ನೊಂದರ ಮೇಲೆ ಹೊರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೋವಿದ್ ಗೋಯಲ್ ಅವರು 2006ರಲ್ಲಿ ಸೋನಿ ಇ-ರೀಡರಿಗಾಗಿ ಬರೆಯತೊಡಗಿದ ತಂತ್ರಾಂಶವೇ ಮುಂದೆ ಕ್ಯಾಲಿಬರ್ ಆಯಿತು. ಲೇಖಕ, ಪ್ರಕಾಶಕ, ಮಾಲಿಕೆ ಮುಂತಾದ ವಿವರಗಳಲ್ಲದೆ ನಮಗೆ ಬೇಕಾದ ಅಂಕಣಗಳನ್ನೂ ಇದರಲ್ಲಿ ಸೇರಿಸಿಕೊಳ್ಳಬಹುದು. ಮುದ್ರಿತ ಪ್ರತಿ ಊರಿನ ಮನೆಯಲ್ಲಿದೆಯೋ ಇಲ್ಲಿದೆಯೋ ಎಂದು ಗುರುತಿಸಲು ನಾನು ಒಂದು ಅಂಕಣ ಮಾಡಿಕೊಂಡಿದ್ದೇನೆ; ಅದು ದಿನನಿತ್ಯ ಉಪಯೋಗಕ್ಕೆ ಬರುತ್ತಿದೆ.

ಆದರೆ ಕನ್ನಡದ ಹೆಸರುಗಳಲ್ಲಿ ತೊಡಕಿದೆ. ಹೆಸರಿನ ಕೊನೆಯ ಪದವನ್ನೇ ಕುಲನಾಮವೆಂದು ಭಾವಿಸುವ ಕ್ಯಾಲಿಬರ್, ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನು 'ಅಯ್ಯಂಗಾರ್, ಮಾಸ್ತಿ ವೆಂಕಟೇಶ' ಎಂದು ತಿರುಗಿಸಿ ಅಕಾರದಲ್ಲಿ ಕೂರಿಸುತ್ತದೆ; ಕನ್ನಡ ಓದುಗರಲ್ಲಿ ಅವರನ್ನು ಅಲ್ಲಿ ಹುಡುಕುವವರು ಯಾರೂ ಇಲ್ಲ. ಸೆಟ್ಟಿಂಗ್ ಬದಲಿಸಿ ಈ ತಿರುಗಿಸುವಿಕೆಯನ್ನೇ ನಿಲ್ಲಿಸಬಹುದು, ಆದರೆ ಆಗ ದ. ರಾ. ಬೇಂದ್ರೆ ದಕಾರಕ್ಕೆ ಹೋಗುತ್ತಾರೆ. ಆದ್ದರಿಂದ ಲೇಖಕರ ಪಟ್ಟಿಯನ್ನು ತೆರೆದು ಒಬ್ಬೊಬ್ಬರ ಹೆಸರನ್ನೂ ಕೈಯಾರೆ ತಿದ್ದುವುದೇ ಸರಿಯಾದ ದಾರಿ. ಬೇಸರದ ಕೆಲಸ ನಿಜ, ಆದರೆ ಪ್ರತಿ ಲೇಖಕರಿಗೆ ಒಮ್ಮೆ ಮಾಡಿದರೆ ಸಾಕು.

ಇನ್ನೊಂದು ಸಂಗತಿ ಕಡತಗಳದು. ಕ್ಯಾಲಿಬರ್ ಪ್ರತಿಯೊಂದು ಪುಸ್ತಕವನ್ನೂ ತನ್ನ ಫೋಲ್ಡರಿಗೆ ನಕಲು ಮಾಡಿಕೊಳ್ಳುತ್ತದೆ, ಆ ಫೋಲ್ಡರಿನ ಕನ್ನಡ ಹೆಸರುಗಳನ್ನು ರೋಮನ್ ಲಿಪಿಗೆ ಇಳಿಸುತ್ತದೆ. ಪರದೆಯ ಮೇಲೆ ಶೀರ್ಷಿಕೆ ಕನ್ನಡದಲ್ಲೇ ಇರುವುದರಿಂದ ಬಳಕೆಗೆ ತೊಂದರೆಯಿಲ್ಲ. ಹಾಗಿದ್ದರೂ ನಮ್ಮ ಲಿಪಿಗೆ ಅಲ್ಲೂ ಸ್ಥಾನ ಸಿಗಬೇಕಿತ್ತು. 2022ರ ಆರನೆಯ ಆವೃತ್ತಿಯಿಂದ ಪುಸ್ತಕಗಳ ಒಳಗಿನ ಪಠ್ಯವನ್ನೂ ಹುಡುಕಬಹುದು, ಆದರೆ ಬರಿಯ ಚಿತ್ರಗಳಾಗಿರುವ ಸ್ಕ್ಯಾನ್ ಪುಟಗಳಲ್ಲಿ ಅದು ನಡೆಯುವುದಿಲ್ಲ.

ಕಾಮಿಕ್ಸ್ ಕಡತಗಳು ಗಾತ್ರದಲ್ಲಿ ದೊಡ್ಡವು, ಅವುಗಳ ನಕಲು ಡಿಸ್ಕಿಗೆ ಭಾರ. ಕೊಮ್ಗಾ ಅವನ್ನು ಇದ್ದಲ್ಲೇ ಬಿಟ್ಟು ಓದುತ್ತದೆ. ಒಂದು ಫೋಲ್ಡರ್ ಎಂದರೆ ಒಂದು ಸರಣಿ ಎಂಬುದು ಅದರ ಸರಳ ನಿಯಮ. ಮನೆಯ ವೈಫೈನಲ್ಲಿರುವ ಯಾವ ಮೊಬೈಲಿನ ಬ್ರೌಸರಿನಿಂದಲೂ ಓದಬಹುದು. ಪ್ರತಿಯೊಬ್ಬರಿಗೂ ಬೇರೆ ಖಾತೆಯಿರುವುದರಿಂದ, ಯಾರು ಯಾವ ಪುಟದಲ್ಲಿ ನಿಲ್ಲಿಸಿದರೆಂಬುದೂ ನೆನಪಿನಲ್ಲಿ ಉಳಿಯುತ್ತದೆ. ಇದಕ್ಕಾಗಿ ಒಂದು ಕಂಪ್ಯೂಟರ್ ಸದಾ ಚಾಲೂ ಇರಬೇಕು, ಲೋಕಲ್ ರೈಲಿನಲ್ಲಿ ಓದಬೇಕೆಂದರೆ ಮನೆಯಿಂದ ಹೊರಡುವ ಮುನ್ನವೇ ಇಳಿಸಿಕೊಳ್ಳಬೇಕು.

ಕಾಮಿಕ್ಸ್ ಸ್ವಲ್ಪವೇ ಇದ್ದು ಒಬ್ಬರೇ ಓದುವುದಾದರೆ ಕೊಮ್ಗಾದ ಸಿದ್ಧತೆಯೂ ಬೇಡ. ಅಂಥವರು ಕಾಮಿಕ್ಸ್ ಓದುವ ತಂತ್ರಾಂಶವಾದ ಯಾಕ್‌ರೀಡರ್ ಹಾಕಿಕೊಳ್ಳಲಿ.